ದವಾಖಾನೆ ರಜಿಸ್ಟರಿನ ಹೊಟ್ಟೆಕಿಚ್ಚು

ನಾನು ಒಂದು ದಪ್ಪ ರಜಿಸ್ಟರ್. ಗದಗಿನ ಬೈಂಡಿಂಗ್ ಅಂಗಡಿಯಲ್ಲಿ ಹುಟ್ಟಿ, ಬೆನ್ನಿಗೆ ಹಸಿರು ಬಟ್ಟೆ ಹಾಕಿಸಿಕೊಂಡು, ಹಳ್ಳಿಯ ದವಾಖಾನೆಗೆ ಬಂದೆ. ಅಲ್ಲಿ ಚೀಟಿ ಬರೆಯುವ ಗುರುಸಿದ್ದವ್ವನ ಮೇಜೇ ನನ್ನ ಮನೆ. ಅವಳು ನನ್ನನ್ನು ಬಿಟ್ಟು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಜಂಬ ಎನ್ನುತ್ತೀರಾ? ಹೌದು, ಜಂಬವೇ.

ಸುತ್ತಲಿನ ಹಳ್ಳಿಗಳಲ್ಲಿ ಯಲ್ಲವ್ವ ಎನ್ನುವವರೇ ಇಪ್ಪತ್ತಾರು ಮಂದಿ. ಯಾರಿಗೂ ಹಿಂದೆ ಬಂದ ತಾರೀಖು, ಚೀಟಿಯ ನಂಬರು ನೆನಪಿರುತ್ತಿರಲಿಲ್ಲ. ಅದಕ್ಕೆ ಗುರುಸಿದ್ದವ್ವ ಹೆಸರಿನ ಪಕ್ಕ ‘ಗಿರಣಿ ಮನಿಯಾಕಿ’, ‘ಅತ್ತಿ ಕೂಡ ಬಂದಾಕಿ’ ಎಂದು ಬರೆದಿಡುತ್ತಿದ್ದಳು. ಔಷಧ ಒಗ್ಗದವರ ಹೆಸರಿನ ಕೆಳಗೆ ಕೆಂಪು ಗೀಟು ಎಳೆಯುತ್ತಿದ್ದಳು.

ಆಮೇಲೆ ಕಂಪ್ಯೂಟರ್ ಎಂಬ ಸವತಿ ಬಂತು. ಅದು ಮೊದಲು ಕೇಳುತ್ತಿದ್ದುದೇ ನಂಬರು.

“ನಂಬರ್ ಇಲ್ಲಂದ್ರ ಇದು ಬಾಯಿನ ಬಿಡಂಗಿಲ್ಲ ನೋಡ್ರಿ,” ಎಂದು ಗುರುಸಿದ್ದವ್ವ ಬೈದು ನನ್ನನ್ನೇ ಎಳೆದುಕೊಂಡಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅದನ್ನು ಸರಿಪಡಿಸಲು ಧಾರವಾಡದಿಂದ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಫರ್ಹಾನಾ ಎಂಬಾಕೆ ಬಂದಳು. ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಎಂಟು ದಿನ ಸ್ಟೂಲಿನ ಮೇಲೆ ಕೂತು, ಗುರುಸಿದ್ದವ್ವ ನನ್ನ ಪುಟ ತಿರುವುವುದನ್ನೇ ನೋಡಿದಳು.

“ಅಕ್ಕಾರ, ಬಂದವರಿಗೆ ಮೊದಲ ಏನ್ ಕೇಳ್ತೀರಿ?”

“ಯಾವ ಊರು, ಯಾರ ಮನಿ, ಹೋದ ಸಲ ಯಾರ ಕೂಡ ಬಂದಿದ್ರಿ. ಇಷ್ಟ ಸಾಕ್ ನೋಡ್ರಿ.”

ಫರ್ಹಾನಾ ನನ್ನನ್ನು ಮೆಚ್ಚಿ ನೋಡುತ್ತಿದ್ದಾಳೆಂದುಕೊಂಡು ನಾನು ಪುಟಗಳನ್ನೆಲ್ಲ ಬಿಚ್ಚಿ ತೋರಿಸಿದೆ. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು. ಎರಡು ತಿಂಗಳಲ್ಲಿ ಆ ಕಂಪ್ಯೂಟರು ‘ಯಾವ ಊರು? ಯಾರ ಮನೆ?’ ಎಂದು ಕೇಳತೊಡಗಿತು. ನನ್ನ ಹೆಸರುಗಳೂ ಕೆಂಪು ಗೀಟುಗಳೂ ಅದರ ಹೊಟ್ಟೆ ಸೇರಿದವು. ನಾನು ಕಪಾಟಿನ ಮೇಲೆ ಹೋದೆ. ಅಲ್ಲಿಂದ ದಿನವೂ ಬೇಡಿಕೊಂಡೆ: ಇದು ಎಡವಲಿ, ಒಂದೇ ಒಂದು ಸಲ ಎಡವಲಿ, ಗುರುಸಿದ್ದವ್ವ ಮತ್ತೆ ನನ್ನ ಹತ್ತಿರ ಬರಲಿ.

ಒಂದು ಬೆಳಿಗ್ಗೆ ಆ ಇಪ್ಪತ್ತಾರು ಯಲ್ಲವ್ವರಲ್ಲಿ ಒಬ್ಬಳು ಕಾಲು ಕೀವಾಗಿ, ಜ್ವರದಲ್ಲಿ ಬಂದಳು. ನರ್ಸು ಸೂಜಿ ತುಂಬಿಕೊಂಡು ನಿಂತಿದ್ದಳು. ಗುರುಸಿದ್ದವ್ವ ಊರು ಕೇಳಿದಳು, ಮನೆ ಕೇಳಿದಳು, ಕಂಪ್ಯೂಟರಿನ ಕೀಲಿ ಒತ್ತಿದಳು. ಪರದೆಯ ಮೇಲೆ ಹೆಸರಿನ ಕೆಳಗೆ ಕೆಂಪು ಗೀಟು ಮೂಡಿತು. ತಟ್ಟನೆ ಕೂಗಿದಳು:

“ತಡೀರಿ ಸಿಸ್ಟರ್! ಆ ಸೂಜಿ ಈಕಿಗೆ ಒಗ್ಗಂಗಿಲ್ಲ!”

ಆರು ವರ್ಷದ ಹಿಂದೆ ಅದೇ ಸೂಜಿಗೆ ಅವಳ ಉಸಿರು ಕಟ್ಟಿತ್ತು. ಆ ಕೆಂಪು ಗೀಟು ನನ್ನ ಮೈಮೇಲೆಯೇ ಇದೆ. ಆದರೆ ಆ ಬೆಳಿಗ್ಗೆ ಕೂಡ ನಾನು ಎಂದಿನಂತೆ, ಇದು ಎಡವಲಿ ಎಂದು ಬೇಡಿಕೊಂಡಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಈಗ ನನ್ನನ್ನು ಗೆದ್ದಲು ತಿನ್ನುತ್ತಿದೆ. ಹೊಟ್ಟೆಕಿಚ್ಚು ಹೋಯಿತೆಂದರೆ ಸುಳ್ಳಾದೀತು. ಗುರುಸಿದ್ದವ್ವ ಕೀಲಿ ಒತ್ತುವ ಸದ್ದಿಗೆ ಇವತ್ತಿಗೂ ಉರಿಯುತ್ತೇನೆ. ಆದರೆ ಅದು ಎಡವಲಿ ಎಂದು ಬೇಡುವುದನ್ನು ಬಿಟ್ಟಿದ್ದೇನೆ. ಅದು ಎಡವಿದರೆ ಬೀಳುವವಳು ಯಲ್ಲವ್ವ.