ಆಯಾ ಆಡಿದ ಒಂದು ಮಾತು

ಬಿಳಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚಂದವ್ವ ಬಂಗಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸುತ್ತ ಏಳೆಂಟು ಇಂಗ್ಲಿಷರು ಕೈಕಟ್ಟಿ ನಿಂತಿದ್ದರು. ಆಕೆ ಏಳಲೊಲ್ಲಳು. ಆ ಚಿತ್ರ ಇಂದಿಗೂ ನನ್ನ ಕಣ್ಣಿಂದ ಅಳಿಸಿಹೋಗಿಲ್ಲ.

ಕೊಲೆಯ ಕತೆಯೊಂದನ್ನು ಸಿನಿಮಾ ಮಾಡಲು ಅವರು ನಮ್ಮೂರಿಗೆ ಬಂದಿದ್ದರು. ಬಡ ಕಂಪನಿ. ಪತ್ತೇದಾರ ತೊಟ್ಟ ಕೋಟನ್ನೇ ಮರುದಿನ ಹೆಣಕ್ಕೂ ತೊಡಿಸುತ್ತಿದ್ದರು. ಇಂಗ್ಲಿಷ್ ಕಲಿಸುವ ಮಾಸ್ತರನೆಂದು ನನ್ನನ್ನು ದುಭಾಷಿಯಾಗಿ ಕರೆದಿದ್ದರು. ಮನೆಗೆಲಸದ ಆಯಾಳ ಪಾತ್ರಕ್ಕೆ ಸಿಕ್ಕವಳು ಚಂದವ್ವ, ನಾಟಕ ಕಂಪನಿಯಲ್ಲಿ ರಾಣಿಯರ ಪಾತ್ರ ಮಾಡುತ್ತಲೇ ತಲೆ ನರೆತವಳು.

ಕತೆಯಲ್ಲಿ ಕೊಲೆಗಾರ ಒಬ್ಬ ಕರ್ನಲ್. ಅವನು ವಿಷದ ಸೀಸೆ ಬಚ್ಚಿಡುವುದನ್ನು ಚಿತ್ರಿಸಿಯೂ ಆಗಿತ್ತು. ಕೊನೆಗೆ ಅವನು ರೈಲು ಹತ್ತಿ ಪರಾರಿಯಾಗಬೇಕು, ಪತ್ತೇದಾರ ಬೆನ್ನಟ್ಟಿ ಹಿಡಿಯಬೇಕು. ಆದರೆ ರೈಲು ಗೊತ್ತುಮಾಡುವ ತ್ರಾಣ ಕಂಪನಿಗಿರಲಿಲ್ಲ. ಕೊನೆಯ ದಿನ ನಿರ್ದೇಶಕ ಬೆಳಿಗ್ಗೆ ಬಂದವನೇ, ಕೊಂದವಳು ಆಯಾ ಎಂದುಬಿಟ್ಟ. ಆಕೆ ತಲೆ ತಗ್ಗಿಸಿ ಅತ್ತರೆ ಸಾಕು, ಕತೆ ಮುಗಿಯಿತು.

"ನಾ ಯಾಕ ಕೊಂದೆ ಅಂತ ಕೇಳ್ರಿ ಮಾಸ್ತರ್ರ" ಎಂದಳು ಚಂದವ್ವ.

ಕೇಳಿದೆ. ಬಂದ ಉತ್ತರವನ್ನು ಹಾಗೆಯೇ ತಿಳಿಸಿದೆ: "ಕೆಲಸದಾಕಿಗೆ ಕಾರಣ ಬೇಕಾಗಿಲ್ಲಂತ್ರಿ."

ಆಕೆ ಮೆಟ್ಟಿಲ ಮೇಲೆ ಕೂತದ್ದು ಆಗಲೇ. "ರಂಗದ ಮ್ಯಾಲ ಗಂಡನ್ನ ಕೊಂದೀನಿ, ಮಗನ್ನ ಕೊಂದೀನಿ. ಕಾರಣ ಇಲ್ಲದ ಒಂದು ಇರುವೀನೂ ಕೊಂದಿಲ್ಲ."

ಬೈದರು, ಬೇಡಿದರು. ಬಿಸಿಲು ಇಳಿಯುತ್ತ ಬಂತು. ಉಳಿದದ್ದು ಒಂದೇ ಸುರುಳಿ ಫಿಲ್ಮು. ಆಗ ಚಂದವ್ವ ತಾನಾಗಿಯೇ ಎದ್ದಳು. "ಅಳಂಗಿಲ್ಲ. ನಮ್ಮ ಭಾಷಾದಾಗ ಒಂದು ಮಾತು ಆಡತೀನಿ ಅಂತ ಹೇಳ್ರಿ."

ನಿರ್ದೇಶಕ ಒಪ್ಪಿದ. ತಪ್ಪೊಪ್ಪಿಗೆ ಯಾವ ಭಾಷೆಯಲ್ಲಿದ್ದರೆ ಅವನಿಗೇನು?

ಕ್ಯಾಮೆರಾ ತಿರುಗಿತು. ಪತ್ತೇದಾರ ಆಕೆಯತ್ತ ಬೆರಳು ಚಾಚಿದ; ಹಿಂದೆ ಕುರ್ಚಿಯಲ್ಲಿ ಕರ್ನಲ್ ಚಹಾ ಕುಡಿಯುತ್ತಿದ್ದ. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿಗೂ ಮುಟ್ಟುತ್ತಿದ್ದ ಕಂಠದಲ್ಲಿ ಚಂದವ್ವ ಹೇಳಿದಳು: "ನಾ ಕೊಂದಿಲ್ಲ. ಕೊಂದಾವ ಅಲ್ಲಿ ಚಾ ಕುಡಕೋತ ಕುಂತಾನ."

ನಿರ್ದೇಶಕ ನನ್ನತ್ತ ನೋಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಮುಖ ಕೆಂಪೇರಿತು. ಆದರೆ ಫಿಲ್ಮು ಮುಗಿದಿತ್ತು.

ಮುಂದೊಮ್ಮೆ ಆ ಸಿನಿಮಾ ನಮ್ಮೂರ ಟಾಕೀಸಿಗೂ ಬಂತು. ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದೆವು. ಪರದೆಯ ಮೇಲೆ ಚಂದವ್ವ ಆ ಮಾತು ಆಡಿದಳು. ಟಾಕೀಸಿನ ಬೆಂಚುಗಳು ಸದ್ದುಮಾಡಿದವು, ಶಿಳ್ಳೆ ಎದ್ದವು. "ಖರೇ ಹೇಳಿದ್ಲು, ಕರ್ನಲ್‌ನ ಹಿಡೀರಿ" ಎಂದು ಜನ ಪರದೆಯ ಪೊಲೀಸರಿಗೇ ಕೂಗಿದರು.

"ಕೆಳಗ ಇಂಗ್ಲಿಷಿನಾಗ ಏನ ಬರದಾರ್ರಿ?" ಎಂದು ಚಂದವ್ವ ನನ್ನ ಕಿವಿಯ ಬಳಿ ಕೇಳಿದಳು.

"ಹೌದು ಸಾಹೇಬ್ರ, ನಾನ ಕೊಂದೆ, ಅಂತ ಬರದಾರ."

ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ. "ಬರಕೊಳ್ಳಲಿ. ಬಾಯಿ ನಂದದ."

ಆಟ ಬಿಟ್ಟಾಗ ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಚಂದವ್ವ ಯಾರಿಗೂ ಕಾಯದೆ ರಸ್ತೆಯ ನಟ್ಟನಡುವೆ ನಡೆದಳು. ಎದುರಿಗೆ ಬಂದ ಜಟಕಾ ಗಂಟೆ ಬಾರಿಸಲಿಲ್ಲ; ಮೆಲ್ಲಗೆ ಬದಿಗೆ ಸರಿದು, ಆಕೆ ದಾಟುವವರೆಗೆ ನಿಂತಿತು.