ವಿಜಯಶ್ರೀ ಹೆಸರಿನ ಬೀಕನ್

ಆ ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಫೋನು ಬಂದಾಗ ವಿಜಯಶ್ರೀ ಅಮೆರಿಕದ ರೆಡ್ಮಂಡ್‌ನ ತನ್ನ ಆಫೀಸಿನಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದಳು. ನಂಬರು ಯಾವುದೋ ದೂರದ ರಾಜ್ಯದ್ದು. ಆದರೂ ತೆಗೆದಳು.

ಮಾತಾಡಿದವನು ರಕ್ಷಣಾ ಕೇಂದ್ರದ ಅಧಿಕಾರಿ. ಅವಳ ಹೆಸರಿನಲ್ಲಿ ನೋಂದಣಿಯಾದ ತುರ್ತು ಬೀಕನ್ ಹದಿನೈದು ನಿಮಿಷದಿಂದ ಸಂಕೇತ ಕಳಿಸುತ್ತಿದೆ, ಅವಳು ಈಗ ಬೆಟ್ಟದಲ್ಲಿದ್ದಾಳೆಯೇ ಎಂದು ಕೇಳಿದ.

"ಇಲ್ಲ, ಆಫೀಸಿನಲ್ಲಿದ್ದೇನೆ," ಎಂದಳು. "ಬೀಕನ್ ಮನೆಯ ಕಪಾಟಿನಲ್ಲಿದೆ. ಎಲ್ಲೋ ತಪ್ಪಾಗಿರಬೇಕು."

ಅಧಿಕಾರಿ ಒಪ್ಪಲಿಲ್ಲ. ಸಂಕೇತ ಬರುತ್ತಿರುವುದು ಹೈವೇ ಎರಡರ ಪಕ್ಕದ ಬೆಟ್ಟಗಳಿಂದ, ಆದರೆ ತೀರಾ ಕ್ಷೀಣವಾಗಿದೆ, ನಾಲ್ಕೈದು ಮೈಲಿ ಆಚೀಚೆ ಆಗಬಹುದು, ದಯವಿಟ್ಟು ಮನೆಗೆ ಹೋಗಿ ನೋಡಿ ಎಂದ.

ಎಜುಕೇಶನ್ ಹಿಲ್ ಬಡಾವಣೆಯ ಮನೆ ಹತ್ತು ನಿಮಿಷದ ದಾರಿ. ಹೋಗಿ ಕಪಾಟು ತೆಗೆದರೆ ಬೀಕನ್ನಿನ ಹಳದಿ ಚೀಲ ಇರಬೇಕಾದ ಜಾಗ ಖಾಲಿಯಿತ್ತು.

ಆ ಬೀಕನ್ನನ್ನು ಅವಳು ಸುಮ್ಮನೆ ಕೊಂಡವಳಲ್ಲ. ಎರಡು ವರ್ಷದ ಹಿಂದೆ, 2014ರಲ್ಲಿ, ಒಬ್ಬಳೇ ಬೆಟ್ಟ ಹತ್ತಿ ಇಳಿಯುವಾಗ ಮಂಡಿ ತಿರುಚಿಕೊಂಡು, ಫೋನಿಗೆ ಸಿಗ್ನಲ್ ಇಲ್ಲದೆ ಆರು ಗಂಟೆ ಕುಂಟಿಕೊಂಡು ಕೆಳಗೆ ಬಂದಿದ್ದಳು. ಆಮೇಲೆ ಮೂರು ವಾರ ಓದಿದಳು, ಅಂಗಡಿಗಳಲ್ಲಿ ಕೈಗೆತ್ತಿಕೊಂಡು ನೋಡಿದಳು. ಕೆಲವು ಯಂತ್ರಗಳು ಮೆಸೇಜು ಕಳಿಸುತ್ತವೆ, ತಿಂಗಳು ತಿಂಗಳು ಚಂದಾ ಕೇಳುತ್ತವೆ, ದಿನಾ ಚಾರ್ಜು ಬೇಡುತ್ತವೆ. ಅವಳು ಆರಿಸಿದ್ದು ಒಂದೇ ಕೆಲಸ ಮಾಡುವಂಥದ್ದು: ಆಂಟೆನಾ ಬಿಚ್ಚಿ ಗುಂಡಿ ಒತ್ತಿದರೆ ಉಪಗ್ರಹಕ್ಕೆ ತನ್ನ ಗುರುತನ್ನೂ ಇರುವ ಜಾಗವನ್ನೂ ಕೂಗಿ ಹೇಳುತ್ತದೆ. ಸೋಪಿನ ಡಬ್ಬಿಯಷ್ಟು ದಪ್ಪ. ಬ್ಯಾಟರಿಯನ್ನು ಐದು ವರ್ಷ ಮುಟ್ಟಬೇಕಿಲ್ಲ. ಆದರೆ ಒತ್ತಿದವರು ಯಾರು ಎಂಬುದು ಗೊತ್ತಾಗುವುದು ನೋಂದಣಿಯಿಂದ ಮಾತ್ರ. ಅದರಲ್ಲಿ ತನ್ನ ಹೆಸರು ಬರೆದು, ತುರ್ತಿಗೆ ಗಂಡ ಜಯಂತನ ನಂಬರು ಕೊಟ್ಟಿದ್ದಳು. ಬೆಟ್ಟಕ್ಕೆ ಹೋಗುವಾಗ ಅದನ್ನು ಬೆನ್ನಿನ ಚೀಲದೊಳಗೆ ಹಾಕದೆ ಭುಜದ ಪಟ್ಟಿಗೆ ಕಟ್ಟಿಕೊಳ್ಳುತ್ತಿದ್ದಳು. ಚೀಲ ಉರುಳಿ ಹೋದರೆ ಒಳಗಿದ್ದೇನು ಪ್ರಯೋಜನ? ಜೊತೆಗೆ ಬಂದವರಿಗೆಲ್ಲ ಮೊದಲು ಅದನ್ನು ತೆರೆಯುವುದು ಕಲಿಸಿಯೇ ಮುಂದೆ ಹೆಜ್ಜೆ ಇಡುತ್ತಿದ್ದಳು. ಇದೆಲ್ಲ ಜಯಂತನಿಗೆ ನಗುವ ವಿಷಯವಾಗಿತ್ತು.

ಅವಳು ಅಧಿಕಾರಿಗೆ ಮತ್ತೆ ಫೋನು ಮಾಡಿ, ಬೀಕನ್ ಇಲ್ಲ, ಯಾರೋ ಕದ್ದಿರಬೇಕು ಎಂದಳು. ಅವನು ಕೇಳಿದ್ದು ಮೂರೇ ಪ್ರಶ್ನೆ. ಯಾರು, ಎಷ್ಟು ಜನ, ಯಾವ ದಾರಿ. ಯಾವುದಕ್ಕೂ ಅವಳ ಬಳಿ ಉತ್ತರವಿರಲಿಲ್ಲ. "ನಿಮ್ಮ ಗಂಡ ಫೋನು ತೆಗೆಯುತ್ತಿಲ್ಲ," ಎಂದ ಅಧಿಕಾರಿ.

ಅವಳೂ ಎಂಟು ಸಲ ಮಾಡಿದಳು. ಹನ್ನೊಂದೂವರೆ ದಾಟಿದ ಮೇಲೆ ಜಯಂತನೇ ಫೋನು ಮಾಡಿದ.

"ಏನಾಯ್ತು ವಿಜಿ, ಇಷ್ಟೊಂದು ಮಿಸ್ಡ್ ಕಾಲು? ರಿವ್ಯೂ ಮೀಟಿಂಗಲ್ಲಿದ್ದೆ."

"ನನ್ನ ಬೀಕನ್ ಎಲ್ಲಿ?"

"ಅದಾ? ಸಂದೀಪಂಗೆ ಕೊಟ್ಟೆ. ಮಂಗಳವಾರ ಬಂದು ತಗೊಂಡು ಹೋದ. ಅವ್ನೂ ಪೂಜಿತಾನೂ ಟ್ರೆಕ್ಕಿಂಗ್ ಹೋಗಿದಾರೆ. ಯಾಕೆ?"

ಸಂದೀಪ ಜಯಂತನ ತಮ್ಮ. ಮದುವೆಯಾಗಿ ವರ್ಷವಾಗಿತ್ತು, ಹೆಂಡತಿ ಪೂಜಿತಾ ಜೊತೆ ಮಿಲ್ ಕ್ರೀಕ್‌ನಲ್ಲಿ ಇದ್ದ. ಇಬ್ಬರೂ ಬೆಟ್ಟಕ್ಕೆ ಹೊಸಬರು.

"ಅದನ್ನ ಒತ್ತಿದಾರೆ ಜಯಂತ್. ಆಗ್ಲೇ ಒಂದೂವರೆ ಗಂಟೆ ಆಯ್ತು."

ಅವನು ಬಾಯಿ ತೆರೆಯುವ ಮೊದಲೇ ಅವಳು ಮತ್ತೆ ಕೇಳಿದಳು.

"ನಿನಗೆ ಬೇರೆ ಸ್ಟೇಟಿಂದ ಕಾಲ್ ಬಂತಾ?"

"ಬಂತು. ಎರಡು ಸಲ. ಕಾರ್ ವಾರಂಟಿ ಮಾರೋರು ಅನ್ಕೊಂಡು ಕಟ್ ಮಾಡ್ದೆ."

ವಿಜಯಶ್ರೀ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಬೈಯುವುದಕ್ಕೆ ಆಮೇಲೆ ಹೊತ್ತಿತ್ತು, ಈಗ ಇರಲಿಲ್ಲ.

"ಎಲ್ಲಿಗೆ ಹೋಗಿದಾರೆ?"

"ಯಾವ್ದೋ ಲೇಕು."

"ಯಾವ ಲೇಕು?"

"ಕೇಳ್ಲಿಲ್ಲ ವಿಜಿ. ಹೈವೇ ಟೂ ಅಂದ. ಕೊನೇ ಆರು ಮೈಲಿ ಮಣ್ಣು ರಸ್ತೆ, ನನ್ನ ಕಾರ್ ಹೋಗುತ್ತಾ ಅಂತ ಕೇಳ್ದ."

ಅಷ್ಟು ಸಾಕಾಯಿತು. ಅವಳು ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದಳು. ಅಧಿಕಾರಿ ಹೇಳಿದ ವ್ಯಾಪ್ತಿಯಲ್ಲಿ ಮೂರು ಸರೋವರಗಳಿದ್ದವು, ಅಷ್ಟು ಉದ್ದದ ಮಣ್ಣು ರಸ್ತೆ ಇದ್ದದ್ದು ಒಂದಕ್ಕೆ ಮಾತ್ರ. ಅಧಿಕಾರಿಗೆ ಫೋನು ಮಾಡಿ ಇಬ್ಬರ ಹೆಸರು, ವಯಸ್ಸು, ಸಂದೀಪನ ನೀಲಿ ಕಾರು, ಸರೋವರದ ದಾರಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮುಕ್ಕಾಲು ಗಂಟೆಯಲ್ಲಿ ಶೆರಿಫ್ ಕಚೇರಿಯ ಪೊಲೀಸರು ಆ ರಸ್ತೆಯ ತುದಿಯಲ್ಲಿ ನೀಲಿ ಕಾರನ್ನು ಕಂಡರು. ರಕ್ಷಣಾ ಸ್ವಯಂಸೇವಕರು ನಾಲ್ಕು ಮೈಲಿ ನಡೆದು ಅವರನ್ನು ತಲುಪಿದಾಗ ನಾಲ್ಕು ಗಂಟೆ.

ಹಳ್ಳಕ್ಕೆ ಅಡ್ಡ ಬಿದ್ದಿದ್ದ ಮರದ ಮೇಲೆ ದಾಟುವಾಗ ಪೂಜಿತಾ ಜಾರಿದ್ದಳು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಹಿಮ ಕರಗಿದ ನೀರಿನಲ್ಲಿ ಸೊಂಟದ ತನಕ ನೆನೆದಿದ್ದಳು. ಸಂದೀಪ ಅವಳನ್ನು ದಡಕ್ಕೆ ಎಳೆದು ಗುಂಡಿ ಒತ್ತಿದ್ದ, ಆದರೆ ಆಂಟೆನಾವನ್ನು ಅರ್ಧ ಮಾತ್ರ ಬಿಚ್ಚಿ, ಬೀಕನ್ನನ್ನು ದಟ್ಟ ಮರದ ಬುಡದಲ್ಲಿ ಚೀಲದ ಮೇಲೆ ಇಟ್ಟಿದ್ದ. ಹೆಲಿಕಾಪ್ಟರ್ ಅವಳನ್ನು ಎವರೆಟ್‌ನ ಆಸ್ಪತ್ರೆಗೆ ಇಳಿಸಿದಾಗ ಅವಳಿಗೆ ತನ್ನ ಹೆಸರು ಹೇಳಲೂ ತಡವರಿಕೆ.

ಮರುದಿನ ಬೆಳಿಗ್ಗೆ, ಆಪರೇಷನ್ ಮುಗಿದ ಮೇಲೆ, ಪೂಜಿತಾಳ ಹಾಸಿಗೆಯ ಸುತ್ತ ಮೂವರೂ ಇದ್ದರು. ಮೈಸೂರಿನಿಂದ ಅತ್ತೆಯ ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಜಯಂತ ಸ್ಪೀಕರ್ ಹಾಕಿದ.

"ಜಯಂತ, ನೀನು ಅದನ್ನ ಕೊಟ್ಟಿದ್ದಕ್ಕೆ ಕಣಪ್ಪ ಆ ಹುಡುಗಿ ಉಳಿದಿದ್ದು," ಎಂದರು ಅತ್ತೆ.

"ಏನೋ ಅಮ್ಮ, ಆ ಹೊತ್ತಿಗೆ ಹೊಳೀತು, ಕೊಟ್ಟೆ."

ವಿಜಯಶ್ರೀ ಕೈ ಚಾಚಿ ಫೋನು ತೆಗೆದುಕೊಂಡಳು. "ಅತ್ತೆ, ನಾನು ವಿಜಿ. ಅದು ನಂದು. ನನಗೆ ಹೇಳದೆ ಕೊಟ್ಟಿದ್ದು. ಕಾಪಾಡೋರು ಫೋನ್ ಮಾಡಿದ್ರೆ ನಿಮ್ಮ ಮಗ ಎರಡು ಸಲ ಕಟ್ ಮಾಡಿದಾನೆ. ಅದನ್ನೂ ಹೇಳಿದ್ನಾ?"

ಜಯಂತ ಫೋನು ಕಿತ್ತುಕೊಂಡು ಆರಿಸಿದ. "ಈಗ ಯಾಕೆ ಇದೆಲ್ಲ? ಎಲ್ಲಾ ಸರಿ ಹೋಯ್ತಲ್ಲ."

"ಸರಿ ಹೋಯ್ತು ಅಂತ ಪೂಜಿತಾ ಹೇಳ್ಲಿ. ನೀನು ಹೇಳ್ಬೇಡ."

ಸಂದೀಪ ಗಾಬರಿಯಿಂದ ಇಬ್ಬರನ್ನೂ ನೋಡಿದ. "ಅತ್ತಿಗೆ, ನಿಮಗೆ ಗೊತ್ತಿರ್ಲಿಲ್ವಾ? ವಿಜಿಗೆ ಹೇಳಿದೀನಿ ಅಂದಿದ್ದ ಅಣ್ಣ."

ವಿಜಯಶ್ರೀ ಗಂಡನ ಕಡೆ ತಿರುಗಿದಳು. "ಹೇಳಿದೀನಿ ಅಂದ್ಯಾ?"

"ನಿನಗೆ ಹೇಳಿದ್ರೆ ಒಂದು ಗಂಟೆ ಕ್ಲಾಸ್ ತಗೋತಿದ್ದೆ. ಆಂಟೆನಾ ಹೀಗೆ ಬಿಚ್ಚು, ಆಕಾಶಕ್ಕೆ ಹೀಗೆ ಹಿಡಿ, ಎಲ್ಲಿಗೆ ಹೋಗ್ತೀಯ ಬರ್ಕೊಡು ಅಂತ. ಅವ್ನು ಅರ್ಜೆಂಟಲ್ಲಿದ್ದ."

ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ತಾನಾಗಿ ಇಳಿಯಿತು. ಸಂದೀಪ ಗೀರು ಬಿದ್ದ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ, "ಪೂರ್ತಿ ಬಿಚ್ಚಬೇಕು ಅಂತ ನನಗೆ ಗೊತ್ತಿರ್ಲಿಲ್ಲ," ಎಂದ.

"ನಾವೆಲ್ಲಿದೀವಿ ಅಂತ ಗೊತ್ತಾಗೋಕೆ ಎಷ್ಟು ಹೊತ್ತು ಆಯ್ತು ಅಕ್ಕ?" ಹಾಸಿಗೆಯಿಂದ ಪೂಜಿತಾ ಕೇಳಿದಳು.

"ಇವನು ವಾಪಸ್ ಫೋನ್ ಮಾಡೋವರೆಗೆ ಒಂದೂವರೆ ಗಂಟೆ. ಮೊದಲು ನಾನೂ ಏನೋ ತಪ್ಪಾಗಿದೆ ಅಂತ ಹೇಳ್ಬಿಟ್ಟೆ ಪೂಜಿತಾ. ಕಪಾಟು ನೋಡದೇನೇ. ಅದು ನನ್ನ ತಪ್ಪು."

ಪೂಜಿತಾ ಕಣ್ಣು ಮುಚ್ಚಿಕೊಂಡಳು. "ಲೈಟ್ ಮಿನುಗ್ತಿದೆ, ಬರ್ತಾರೆ, ಬರ್ತಾರೆ ಅಂತಾನೇ ಇದ್ದ ಸಂದೀಪ್. ಆಮೇಲಾಮೇಲೆ ನನಗೆ ನಡುಕಾನೂ ನಿಂತ್ಹೋಯ್ತು. ಯಾರೂ ಬರಲ್ಲ ಅನ್ಸ್ಬಿಡ್ತು." ಕಣ್ಣು ತೆರೆದು ಜಯಂತನನ್ನು ನೋಡಿ ಹೇಳಿದಳು, "ಭಾವ, ನೀವು ಆ ಫೋನ್ ತೆಗೀಬೇಕಿತ್ತು."

ಜಯಂತ ಅವಳ ಕ್ಷಮೆ ಕೇಳಿದ. ತಲೆ ತಗ್ಗಿಸಿ, ಸರಿಯಾಗಿಯೇ ಕೇಳಿದ. ಆದರೆ ಲಿಫ್ಟಿನಲ್ಲಿ ಹೆಂಡತಿಯೊಬ್ಬಳೇ ಜೊತೆಗಿದ್ದಾಗ, "ನಿನಗೂ ಸಾರಿ. ಸಾಕಾ?" ಎಂದ.

"ಸಾಲ್ದು," ಎಂದಳು ವಿಜಯಶ್ರೀ. "ನೀನು ಮರೆತಿದ್ರೆ ಬೇರೆ ಮಾತು. ನನ್ನ ಮಾತು ಕೇಳೋ ಬೇಜಾರಿಗೆ ಸುಳ್ಳು ಹೇಳ್ದೆ. ಆ ಬೇಜಾರಿಗೆ ಆ ಹುಡುಗಿ ನೀರಲ್ಲಿ ನೆಂದು ಬಿದ್ದಿದ್ಲು."



ಪೂಜಿತಾಳನ್ನು ಮನೆಗೆ ಕಳಿಸಿದ ಮೇಲೆ ವಿಜಯಶ್ರೀ ರಜೆ ಹಾಕಿ ಮಿಲ್ ಕ್ರೀಕ್‌ನ ಅವರ ಮನೆಯಲ್ಲೇ ಉಳಿದಳು. ಜಯಂತ ದಿನಾ ಫೋನು ಮಾಡುತ್ತಿದ್ದ. ಪೂಜಿತಾಳ ಮಾತ್ರೆ, ಜ್ವರ, ಅಷ್ಟಕ್ಕೆ ಮಾತ್ರ ಉತ್ತರ ಕೊಟ್ಟು ಇಡುತ್ತಿದ್ದಳು. ಐದನೇ ದಿನ ಬೆಳಿಗ್ಗೆ ಅತ್ತೆಯ ಫೋನು ಬಂತು. ಜಯಂತ ಎಲ್ಲ ಒಪ್ಪಿಕೊಂಡು ಹೇಳಿದ್ದನಂತೆ.

"ಅವನು ಚಿಕ್ಕಂದಿನಿಂದ್ಲೂ ಹಾಗೇ ವಿಜಿ. ಬೈಸ್ಕೋಬೇಕಾಗತ್ತೆ ಅಂತ ಸುಳ್ಳು ಹೇಳ್ಬಿಡ್ತಾನೆ. ಮನಸ್ಸಲ್ಲಿ ಏನೂ ಇರಲ್ಲ."

"ಈಗ ಅವನಿಗೆ ನಲವತ್ತಮೂರು ಅತ್ತೆ," ಎಂದಳು ವಿಜಯಶ್ರೀ.

 ಫೋನು ಇಟ್ಟ ಮೇಲೂ ವಿಜಯಶ್ರೀಯ ಸಿಟ್ಟು ಇಳಿದಿರಲಿಲ್ಲ. ಒಳಗಿನಿಂದ ಪೂಜಿತಾ ಅಕ್ಕ ಎಂದು ಕರೆದಳು. ಎದ್ದು ಹೋಗಿ ಅವಳ ಕಾಲಿನ ಕೆಳಗೆ ದಿಂಬು ಸರಿಮಾಡಿದಳು.