ಚಂದ್ರನ ಮಹಡಿಗೆ ಹೊರಟ ಲಿಫ್ಟು

೨೦೨೫ರ ಜುಲೈ ೧೨, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಟಾಲಿಗಂಜಿನ ಪುಟ್ಟ ಕ್ಲಿನಿಕ್ಕೊಂದರಲ್ಲಿ ಹೊಸ ಲಿಫ್ಟಿನ ಉದ್ಘಾಟನೆಯಾಯಿತು. ಅದು ಪುಟ್ಟ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ. ಕ್ರೇಯಾನಿನಲ್ಲಿ ಬಟನ್ನು ಬರೆದವಳು ಏಳು ವರ್ಷದ ಸಾಕ್ಷಿ. ಮೂರನೆಯ ಮಹಡಿ ದಾಟಿದರೆ ಸೀದಾ ಚಂದ್ರ.

ಎರಡು ತಿಂಗಳ ಹಿಂದೆ ಕರೆಂಟು ಹೋಗಿ, ಅವಳು ತಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಬಿದ್ದಿದ್ದಳು. ಅಂದಿನಿಂದ ಯಾವ ಬಾಗಿಲನ್ನೂ ಮುಚ್ಚಗೊಡುತ್ತಿರಲಿಲ್ಲ, ಬಚ್ಚಲಿನದನ್ನೂ. ಮುಚ್ಚಿದರೆ ಉಸಿರು ಸಿಕ್ಕಿಕೊಂಡು ನಡುಗುತ್ತಿದ್ದಳು. ಮಕ್ಕಳ ಆಪ್ತಸಮಾಲೋಚಕಿ ಶ್ರೀರಕ್ಷಾ ಬಾಗಿಲಿನ ಮಾತನ್ನೇ ಎತ್ತಿರಲಿಲ್ಲ. ಸೋಪಿನ ಗುಳ್ಳೆ ಊದಿಸಿ ಉದ್ದ ಉಸಿರು ಬಿಡುವುದನ್ನು ಕಲಿಸಿದ್ದಳು. ಪ್ರತಿವಾರ, ತನ್ನ ಆಟದ ಕೋಣೆಯ ಬಾಗಿಲು ಎಷ್ಟು ತೆರೆದಿದೆಯೆಂದು ಸ್ಕೇಲಿನಲ್ಲಿ ಅಳೆಯುತ್ತಿದ್ದಳು. ಪ್ರತಿವಾರವೂ ಪೂರ್ತಿ ಎಂಬತ್ತು ಸೆಂಟಿಮೀಟರ್.

ಕೋಣೆಗಿದ್ದದ್ದು ಒಂದೇ ಕಾನೂನು: ಮಗು ಹೇಳಿದಂತೆ ದೊಡ್ಡವರು ಕೇಳಬೇಕು. ಸಾಕ್ಷಿಯ ಅಪ್ಪ ಪುಂಡಲೀಕ ಕುಂದಾಪುರದವರು, ಬ್ಯಾಂಕಿನ ಕೆಲಸಕ್ಕೆ ದೂರದ ಟಾಲಿಗಂಜಿಗೆ ಬಂದವರು; ಇಲ್ಲೇ ಬೆಳೆದ ಮಗಳ ಮಾತು ಅರ್ಧ ಹಿಂದಿ. ಕಾನೂನೆಂದರೆ ತಲೆ ತಗ್ಗಿಸಿ ಪಾಲಿಸುವವರು.

"ಪಪ್ಪಾ, ಅಂದರ್ ಜಾವ್, ಒಳಗೆ! ನೀನು ಚಂದ್ರ ಹೋಗ್ಬೇಕು."

"ಆಯ್ತ್ ಮಾರಾಯ್ತಿ. ಈ ಹೊಟ್ಟಿ ಎಲ್ಲ್ ಇಡೂದ್?"

ಹೊಟ್ಟೆ ಸಮೇತ ನುಗ್ಗಿ ಕುಳಿತರು. ಏಳಲು ಹೋದರೆ ಪೆಟ್ಟಿಗೆಯೂ ಜೊತೆಗೇ ಎದ್ದಿತು.

"ಮೇಡಂ, ಇದ್ ಆಟ ಅಲ್ಲ! ನಾನ್ ನಿಜವಾಗ್ಲೂ ಸಿಕ್ಕಿಬಿದ್ದೆ!"

ಸಾಕ್ಷಿಯ ಮುಖ ಬಿಳಿಚಿತು. ಶ್ರೀರಕ್ಷಾ ಏಳಹೊರಟಳು. ಎಳೆದು ತೆಗೆಯಲೇ? ಎಲ್ಲ ಮೊದಲಿಗೇ ಬಂತೇ? ಆದರೆ ಮಗು ಇನ್ನೂ ಹಾಗೆ ಹೇಳಿರಲಿಲ್ಲ, ಕಾನೂನು ಕಾನೂನೇ. ತನ್ನ ಎರಡೂ ಕೈಗಳ ಮೇಲೆ ತಾನೇ ಕುಳಿತಳು.

ಪೆಟ್ಟಿಗೆಯೊಳಗಿಂದ ದನಿ ಬಂತು: "ಮಗಾ, ಚಂದ್ರದಲ್ಲಿ ಮೀನ್ ಸಿಕ್ಕತ್ತಾ?"

ಸಾಕ್ಷಿ ಕಿಸಕ್ಕೆಂದಳು. ಮರುಕ್ಷಣ ರಟ್ಟನ್ನು ದಬದಬ ಬಡಿದಳು. "ಡರೋ ಮತ್ ಪಪ್ಪಾ, ಹೆದರ್ಬೇಡ! ಮೈ ಹೂಂ ನಾ! ಬಬಲ್ ಊದೋ ಥರ ಊದು. ಉದ್ದ! ಔರ್ ಲಂಬಾ!"

ಪುಂಡಲೀಕ ಉಸಿರೆಲ್ಲ ಹೊರಬಿಟ್ಟರು. ಹೊಟ್ಟೆ ಒಳಗೆ ಹೋಗಿ, ಹೊರಳಲು ಜಾಗವಾಯಿತು. ಪರ್ರೆಂದು ಪೆಟ್ಟಿಗೆ ಬಿರಿದು, ಮೂರನೆಯ ಮಹಡಿಯಿಂದ ಮೊಣಕೈ, ಚಂದ್ರನಿಂದ ಬೋಳುತಲೆ ಹೊರಬಂದು, ಬ್ಯಾಂಕಿನ ಸಾಹೇಬರು ಚಾಪೆಯ ಮೇಲೆ ಉರುಳಿದರು. ಮೂವರೂ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡರು.

"ಅಬ್ ಮೇರಾ ಟರ್ನ್," ಎಂದು ಸಾಕ್ಷಿ ಹರಿದ ಲಿಫ್ಟಿನಲ್ಲಿ ಕುಳಿತಳು. ಏನೋ ನೆನಪಾಗಿ ಮತ್ತೆ ಎದ್ದಳು. "ಚಂದ್ರದಲ್ಲಿ ಥಂಡಾ ಗಾಳಿ." ತಾನೇ ಹೋಗಿ ಕೋಣೆಯ ಬಾಗಿಲನ್ನು ಮುಚ್ಚುವತ್ತ ದೂಡಿದಳು. ಸ್ವಲ್ಪ ನಿಂತು, ಉದ್ದಕ್ಕೆ ಉಸಿರು ಬಿಟ್ಟು, ಇನ್ನಷ್ಟು ದೂಡಿದಳು. ಓಡಿಬಂದು ಚಂದ್ರನ ಬಟನ್ ಒತ್ತಿದಳು.

ನಗುತ್ತಲೇ ಶ್ರೀರಕ್ಷಾ ಬಾಗಿಲಿಗೆ ಸ್ಕೇಲು ಹಿಡಿದಳು. ಉಳಿದಿದ್ದ ಸಂದು ನಾಲ್ಕು ಸೆಂಟಿಮೀಟರ್.